ಬೇರೆ ಡಬ್ಬಿ ಸಿಗ್ಲಿಲ್ವಾ?

ಶನಿವಾರ ರಾತ್ರಿ ಮೆಸ್ ಊಟ ಮುಗಿಸಿ ನಮ್ಮ ಹಾಸ್ಟೆಲಿನ ಎರಡನೇ ಮಹಡಿಯ ಮೂಲೆ ರೂಮಿನಲ್ಲಿ ಐದು ಜನ ಸೇರುತ್ತೇವೆ. ಎರಡು ಮಂಚಗಳನ್ನು ಜೋಡಿಸಿ, ಯಾರೋ ಸೀನಿಯರ್ ಬಿಟ್ಟುಹೋದ ಡ್ರಾಯಿಂಗ್ ಬೋರ್ಡನ್ನು ನಡುವೆ ಇಡುತ್ತೇವೆ. ನಾವು ಇಸ್ಪೀಟ್ ಆಡುತ್ತೇವೆ ಎಂದು ವಾರ್ಡನ್‌ಗೆ ಬಹಳ ದಿನ ಅನುಮಾನವಿತ್ತು. ಒಂದು ರಾತ್ರಿ ಬಾಗಿಲು ತಳ್ಳಿಕೊಂಡು ಒಳಗೆ ಬಂದೇಬಿಟ್ಟರು. ಬೋರ್ಡಿನ ಮೇಲೆ ಇಪ್ಪತ್ತು ಮುಖದ ದಾಳ, ಪೆನ್ಸಿಲ್, ನಾಲ್ಕು ಹಾಳೆ ಮತ್ತು ಒಂದು ಹಿಡಿ ಶೇಂಗಾ ಇತ್ತು. 'ಸರ್, ಈ ಶೇಂಗಾ ಎಲ್ಲಾ ಗಾಬ್ಲಿನ್‌ಗಳು' ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಏನೂ ಹೇಳದೆ ಹೊರಟುಹೋದರು. ಅವತ್ತಿನಿಂದ ನಮ್ಮ ತಂಟೆಗೆ ಬಂದಿಲ್ಲ.

ನಾವು ಆಡುವುದು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಮಾಡಿದ ಆಟ ಇದು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ. ಬಾಗಿಲು ಒದೆಯುತ್ತೀರೋ, ರಾಜನಿಗೆ ಸುಳ್ಳು ಹೇಳುತ್ತೀರೋ, ಡ್ರ್ಯಾಗನ್ ಜೊತೆ ಚೌಕಾಸಿ ಮಾಡುತ್ತೀರೋ ನಿಮ್ಮಿಷ್ಟ. ಅದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಪ್ರತಿಯೊಬ್ಬರಿಗೂ, ಪ್ರತಿ ರಾಕ್ಷಸನಿಗೂ 'ಹಿಟ್ ಪಾಯಿಂಟ್' ಎಂಬ ಲೆಕ್ಕ ಇರುತ್ತದೆ. ಏಟು ಬಿದ್ದಂತೆ ಅದು ಇಳಿಯುತ್ತದೆ, ಸೊನ್ನೆಯಾದರೆ ಕಥೆ ಮುಗಿಯಿತು. ನಮ್ಮ ಗುಂಪಿನಲ್ಲಿ ಕಥೆ ಹೇಳುವವನು ನಾನು. ಥರ್ಮೋಡೈನಾಮಿಕ್ಸ್ ಪುಸ್ತಕಕ್ಕೆ ಕೊಡಬೇಕಾದ ಸಮಯವನ್ನು ಈ ಆಟಕ್ಕೆ ಕೊಟ್ಟಿದ್ದೇನೆ ಎಂಬುದು ನನ್ನ ಅಂಕಪಟ್ಟಿಯಲ್ಲಿ ಕಾಣುತ್ತದೆ, ಅದು ಬೇರೆ ವಿಷಯ.

ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಒಂದು ಹುಮ್ಮಸ್ಸು ಬಂತು. ಎಷ್ಟು ದಿನ ಅಂತ ಎಲ್ಫ್, ಡ್ವಾರ್ಫ್ ಎಂದುಕೊಂಡಿರುವುದು, ನಮ್ಮ ನೆಲದ ಕಥೆ ಮಾಡೋಣ ಎಂದು. ಪಶ್ಚಿಮ ಘಟ್ಟದಂಥ ಕಾಡು, ಅದರಲ್ಲಿ ಹಾಳುಬಿದ್ದ ಕೋಟೆ, ಕೋಟೆಗೆ ಹೋಗುವ ದಾರಿಯನ್ನು ಕಾಯುವ ಒಂದು ಉಗ್ರ ಶಕ್ತಿ. ಅದಕ್ಕೆ 'ಗುಳಿಗ' ಎಂದು ಹೆಸರಿಟ್ಟೆ. ನಾನು ದಾವಣಗೆರೆ ಕಡೆಯವನು. ಗುಳಿಗನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ 'ಕಾಂತಾರ' ಸಿನಿಮಾದಿಂದ. ಹಿಟ್ ಪಾಯಿಂಟ್ 120, ಬೆಂಕಿ ತಾಗುವುದಿಲ್ಲ, ಒಂದು ಸರದಿಗೆ ಮೂರು ಏಟು ಎಂದು ಚಂದದ ಅಕ್ಷರದಲ್ಲಿ ಬರೆದುಕೊಂಡಿದ್ದೆ.

ಆಟ ಶುರುವಾಯಿತು. ನಮ್ಮ ಪುತ್ತೂರಿನ ಗೆಳೆಯನದು ಬಿಲ್ಲುಗಾರನ ಪಾತ್ರ. ಅವನ ಸರದಿ ಬಂದಾಗ ದಾಳ ಕೈಯಲ್ಲಿ ಹಿಡಿದುಕೊಂಡೇ ಕೂತ. 'ಹಾಕೋ' ಎಂದೆ. ಅವನು ದಾಳ ಬೋರ್ಡಿನ ಮೇಲಿಟ್ಟು, 'ಇದೊಂದು ಹೆಸರು ಬೇಡ ಮಾರಾಯ, ಬೇರೆ ಎಂತಾದ್ರೂ ಇಡು' ಎಂದ. ನಾನು ನಕ್ಕೆ. ಆಟ ಕಣೋ ಇದು, ನೀನು ಬಿಟೆಕ್ ಓದ್ತಿಲ್ಲ ಅಷ್ಟೇ, ಬಿಇ ಓದ್ತಿದ್ದೀಯ ತಾನೆ ಎಂದು ಏನೋ ತಮಾಷೆ ಮಾಡಿದೆ. ಅವನು ನಗಲಿಲ್ಲ. 'ನಮ್ಮ ಮನೆ ಹಿಂದೆ ಮರದ ಬುಡದಲ್ಲಿ ಗುಳಿಗನ ಕಲ್ಲು ಉಂಟು. ವರ್ಷಕ್ಕೊಮ್ಮೆ ತಂಬಿಲ ಕೊಡ್ತೇವೆ. ಆಚೆ ಕಡೆ ಚಪ್ಪಲಿ ಹಾಕಿಕೊಂಡು ಹೋದ್ರೆ ಅಜ್ಜಿ ಬೈತಾರೆ. ನಾನು ಅದಕ್ಕೆ ಬಾಣ ಬಿಡುದು ಹೇಗೆ?'

ನಾನು ವಾದ ಮಾಡಿದೆ. ಈಗ ನೆನೆಸಿಕೊಂಡರೆ ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಆ ರಾತ್ರಿ ನನ್ನ ವಾದ ನನಗೆ ಭಾರಿ ಗಟ್ಟಿ ಎನಿಸಿತ್ತು. ಈ ಆಟ ಎಲ್ಲರ ದೇವರನ್ನೂ, ಎಲ್ಲರ ದೆವ್ವವನ್ನೂ ಎರವಲು ಪಡೆದಿದೆ, ನಿನ್ನದೊಂದು ಏನು ವಿಶೇಷ ಎಂಬುದು ನನ್ನ ಮಾತಿನ ಸಾರ. ಅವನು ಹನ್ನೊಂದು ಗಂಟೆಗೆ ನಿದ್ದೆ ಬರ್ತಿದೆ ಎಂದು ಎದ್ದು ಹೋದ. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ನನ್ನ ವಾದದಲ್ಲಿ ಸುಳ್ಳಿರಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಈ ಆಟದ ಶಬ್ದಕೋಶದ ಅರ್ಧಕ್ಕರ್ಧ ಪೂಜೆ, ಪ್ರಾರ್ಥನೆಯ ಮನೆಗಳಿಂದ ಬಂದದ್ದು. 'ಕ್ಲೆರಿಕ್' ಎಂದರೆ ಚರ್ಚಿನ ಪಾದ್ರಿ. ಅವನು ಆಟಕ್ಕೆ ಬಂದ ಕಥೆ ಮಜವಾಗಿದೆ. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಒಬ್ಬ ಆಟಗಾರ ರಕ್ತಪಿಶಾಚಿಯಾಗಿ ಯಾರ ಕೈಗೂ ಸಿಗದಷ್ಟು ಬಲಿತುಬಿಟ್ಟನಂತೆ. ಅವನನ್ನು ಹಿಡಿಯಲು ಸಿನಿಮಾಗಳ ಡ್ರಾಕುಲಾ ಬೇಟೆಗಾರನ ಮಾದರಿಯಲ್ಲಿ ಶಿಲುಬೆ ಹಿಡಿದ ಪಾದ್ರಿಯನ್ನು ಸೃಷ್ಟಿಸಿದರು. 'ಪ್ಯಾಲಡಿನ್' ಎಂಬ ಧರ್ಮಯೋಧನ ಹೆಸರಿನ ಬೇರು ರೋಮ್ ನಗರದ ಪ್ಯಾಲಟೈನ್ ಗುಡ್ಡದಲ್ಲಿದೆ. ಅಲ್ಲಿಂದ ಅರಮನೆಯ ಅಧಿಕಾರಿ, ಆಮೇಲೆ ದೊರೆ ಶಾರ್ಲಮೇನನ ಹನ್ನೆರಡು ವೀರರು, ಕೊನೆಗೆ 'ಬಾಲ್ಡರ್ಸ್ ಗೇಟ್ 3' ಆಡುವ ನನ್ನ ರೂಮ್‌ಮೇಟ್. ಅವನು ಅದರಲ್ಲಿ ಪ್ಯಾಲಡಿನ್ ಆಗಿ ಮೊದಲ ದಿನವೇ ಪ್ರತಿಜ್ಞೆ ಮುರಿದುಕೊಂಡಿದ್ದಾನೆ.

ನಮ್ಮ ಕಡೆಯ ಪದಗಳೂ ಕಡಿಮೆಯಿಲ್ಲ. 'ದೇವ' 1983ರ ಪುಸ್ತಕದಲ್ಲಿ ರೆಕ್ಕೆಯಿರುವ ಒಂದು ಜಾತಿಯ ಏಂಜೆಲ್ ಆಗಿ ಬಂದ. ಇದನ್ನು ಓದಿ ನಗುವ ಮೊದಲು ನಾವು ಒಂದು ಮಾತು ನೆನಪಿಡಬೇಕು. ಪಾರ್ಸಿಗಳ ಅವೆಸ್ತಾದಲ್ಲಿ ಇದೇ ಪದ 'ದಏವ' ಎಂದಾಗಿ ಕೆಟ್ಟ ಶಕ್ತಿಗಳಿಗೆ ಹೆಸರಾಗಿದೆ, ನಮ್ಮ 'ಅಸುರ' ಅಲ್ಲಿ 'ಅಹುರ' ಆಗಿ ಪೂಜೆಗೊಳ್ಳುತ್ತಾನೆ. ಗಡಿ ದಾಟಿದ ಕೂಡಲೇ ಪಕ್ಷ ಬದಲಿಸುವುದನ್ನು ಪದಗಳು ನಮ್ಮ ಶಾಸಕರಿಗಿಂತ ಮೊದಲೇ ಕಲಿತಿದ್ದವು. ಆಟದವರು ಹೊಸದೇನೂ ಮಾಡಲಿಲ್ಲ.

'ಅವತಾರ'ದ ಕಥೆ ನನಗೆ ಇನ್ನೂ ಇಷ್ಟ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬುವರು 'ಅಲ್ಟಿಮಾ 4' ಎಂಬ ಕಂಪ್ಯೂಟರ್ ಆಟ ಮಾಡಿದರು. ಅದರಲ್ಲಿ ಕೊಲ್ಲಬೇಕಾದ ಕೊನೆಯ ಖಳನಾಯಕನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಹೀಗೆ ಎಂಟು ಗುಣಗಳನ್ನು ಬೆಳೆಸಿಕೊಂಡು ಆಟಗಾರ 'ಅವತಾರ್' ಆಗಬೇಕು. ಕುರುಡಿ ಅಂಗಡಿಯಾಕೆಗೆ ಕಡಿಮೆ ಕಾಸು ಕೊಟ್ಟರೆ ಅದೂ ಲೆಕ್ಕಕ್ಕೆ ಬರುತ್ತದೆ. ಎಂಥ ಒಳ್ಳೆಯ ಯೋಚನೆ! ಆದರೆ ದಿಕ್ಕು ತಿರುವುಮುರುವಾಗಿದೆ. ಅವತಾರ ಎಂದರೆ ಇಳಿದು ಬರುವುದು, ಇಲ್ಲಿ ಮನುಷ್ಯ ಹತ್ತಿ ಹೋಗುತ್ತಾನೆ. ಮರುವರ್ಷ ಲ್ಯೂಕಾಸ್‌ಫಿಲ್ಮ್‌ನ 'ಹ್ಯಾಬಿಟ್ಯಾಟ್' ಆಟದಲ್ಲಿ ಪರದೆಯ ಮೇಲಿನ ನಮ್ಮ ಗೊಂಬೆಗೆ ಇದೇ ಹೆಸರು ಬಂತು. ನಾವು ನಮ್ಮ ಲೋಕ ಬಿಟ್ಟು ಇನ್ನೊಂದು ಲೋಕಕ್ಕೆ ರೂಪ ತೊಟ್ಟು ಇಳಿಯುತ್ತೇವೆ ಎಂದರೆ, ನೋಡಿ, ಆ ಪದ ಗೊತ್ತಿಲ್ಲದೆಯೇ ಮನೆಗೆ ವಾಪಸು ಬಂದಂತಾಯಿತು.

ಇನ್ನು ನಮ್ಮ ರಾಕ್ಷಸ. ಈ ಆಟದ ರಾಕ್ಷಸನಿಗೆ ಹುಲಿಯ ತಲೆ, ಮೈಮೇಲೆ ಸಾಹುಕಾರರ ಕೋಟು, ಬಾಯಲ್ಲಿ ಪೈಪು, ಅಂಗೈ ಹಿಂದುಮುಂದಾಗಿ ತಿರುಗಿದೆ. ಮಂತ್ರಿಸಿದ ಬಾಣ ತಾಗಿದರೆ ಸಾಯುತ್ತಾನೆ. ಯಾವ ರಾಮಾಯಣದಲ್ಲಿ ಇದೆ ಇದು ಎಂದು ಹುಡುಕಿದರೆ ಸಿಗುವುದಿಲ್ಲ. ಏಕೆಂದರೆ ಇದು ಬಂದದ್ದು 1974ರ ಕೊನೆಯಲ್ಲಿ ಅಮೆರಿಕದ ಟಿವಿಯಲ್ಲಿ ಬಂದ 'ಕೋಲ್‌ಚಾಕ್' ಎಂಬ ಧಾರಾವಾಹಿಯ ಒಂದು ಕಂತಿನಿಂದ. ಶಿಕಾಗೋದ ಮುದುಕರನ್ನು ತಿನ್ನುವ ರಾಕ್ಷಸ ಅದರಲ್ಲಿದ್ದಾನೆ, ಯಾರನ್ನು ತಿನ್ನಬೇಕೋ ಅವರಿಗೆ ಬೇಕಾದವರ ರೂಪದಲ್ಲಿ ಬರುತ್ತಾನೆ. ಅವನನ್ನು ಬೇಟೆಯಾಡುವ ಒಬ್ಬ ಭಾರತೀಯ ಮುದುಕನಿದ್ದಾನೆ. ರಕ್ಷಣೆಗೆಂದು ಆ ಮುದುಕ ಅಲ್ಲಲ್ಲಿ ಸ್ವಸ್ತಿಕ ಬರೆಯುತ್ತಾನೆ. ಆ ಬೀದಿಯಲ್ಲಿ ಇರುವವರು ಯಹೂದಿಗಳು. ಅವರಿಗೆ ಅದು ಹಿಟ್ಲರನ ಗುರುತು. ಒಂದು ಸಾಧಾರಣ ದೆವ್ವದ ಧಾರಾವಾಹಿಯಲ್ಲಿ ಇಷ್ಟು ದೊಡ್ಡ ಮಾತು ಹೇಗೆ ನುಸುಳಿತೋ! ಒಬ್ಬರು ಬಾಗಿಲಿಗೆ ಕಾವಲೆಂದು ಬರೆದದ್ದು ಇನ್ನೊಬ್ಬರ ಎದೆ ನಡುಗಿಸುತ್ತದೆ, ಇಬ್ಬರದೂ ತಪ್ಪಿಲ್ಲ. ಮರುವರ್ಷವೇ ಗೈಗ್ಯಾಕ್ಸ್ ಆ ರಾಕ್ಷಸನನ್ನು ಆಟಕ್ಕೆ ತಂದರು. 1977ರ ಪುಸ್ತಕದಲ್ಲಿ ಡೇವಿಡ್ ಟ್ರ್ಯಾಂಪಿಯರ್ ಎಂಬ ಕಲಾವಿದ ಹುಲಿತಲೆಯ ಚಿತ್ರ ಬರೆದರು. ಅಲ್ಲಿಗೆ ಜಗತ್ತಿನ ಅರ್ಧ ಆಟಗಾರರಿಗೆ ರಾಕ್ಷಸ ಎಂದರೆ ಪೈಪು ಸೇದುವ ಹುಲಿ.

ನನಗೆ ಇದರಿಂದ ಕೋಪ ಬಂತೇ? ಒಂದಿಷ್ಟೂ ಇಲ್ಲ. ರಾಕ್ಷಸರನ್ನು ನಾವೇ ನೂರಾರು ವರ್ಷಗಳಿಂದ ಬೇಕಾದ ಹಾಗೆ ಬಳಸಿಕೊಂಡಿದ್ದೇವೆ. ಯಕ್ಷಗಾನದ ಬಣ್ಣದ ವೇಷ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಂಡು ಆರ್ಭಟಿಸುತ್ತಾ ಬಂದರೆ ಮುಂದಿನ ಸಾಲಿನ ಮಕ್ಕಳು ಅಳುತ್ತವೆ, ಹಿಂದಿನ ಸಾಲಿನವರು ಸಿಳ್ಳೆ ಹಾಕುತ್ತಾರೆ. 1957ರ 'ಮಾಯಾಬಜಾರ್'ನ ಘಟೋತ್ಕಚ ಲಡ್ಡು ನುಂಗುವುದನ್ನು ನನ್ನ ಅಮ್ಮ ಈಗಲೂ ಯೂಟ್ಯೂಬ್‌ನಲ್ಲಿ ನೋಡಿ ನಗುತ್ತಾರೆ. ಅಮೆರಿಕದವರು ಅವನಿಗೊಂದು ಕೋಟು ಹೊಲಿಸಿದರೆ ನಮ್ಮ ಗಂಟೇನು ಹೋಯಿತು?

ಗುಳಿಗನ ಜಗಳದ ಬಳಿಕ ನನ್ನ ಪಕ್ಷ ಗಟ್ಟಿ ಮಾಡಿಕೊಳ್ಳಲು ಇದನ್ನೆಲ್ಲ ನಾನು ಹುಡುಕಿ ಓದಿದ್ದು. ಆ ಗೆಳೆಯನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಒಂದು ಪಟ್ಟಿಯನ್ನೇ ತಯಾರಿಸಿದ್ದೆ. ಪಟ್ಟಿಯ ಕೊನೆಯ ಪದ 'ಫಿಲ್ಯಾಕ್ಟರಿ'. ಅಲ್ಲಿ ನನ್ನ ಗಾಡಿ ಕೆಟ್ಟು ನಿಂತಿತು.

ಆಟದಲ್ಲಿ 'ಲಿಚ್' ಎಂಬ ಮಾಂತ್ರಿಕ ಇರುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹೆಣ ಎಂದರ್ಥ. ಸಾವು ಬಾರದಿರಲಿ ಎಂದು ತನ್ನ ಪ್ರಾಣವನ್ನು ಒಂದು ಡಬ್ಬಿಯಲ್ಲಿ ಬಚ್ಚಿಡುತ್ತಾನೆ. ಎಷ್ಟು ಸಲ ಕೊಂದರೂ ಏಳುತ್ತಾನೆ, ಡಬ್ಬಿ ಒಡೆದರೆ ಮಾತ್ರ ಸಾಯುತ್ತಾನೆ. ಆ ಡಬ್ಬಿಗೆ 1977ರಿಂದಲೂ ಇಟ್ಟಿದ್ದ ಹೆಸರು ಫಿಲ್ಯಾಕ್ಟರಿ. 2003ರ ಪರಿಷ್ಕೃತ ಪುಸ್ತಕ ಅದನ್ನು ಇನ್ನೂ ಬಿಡಿಸಿ ಹೇಳುತ್ತದೆ: ಮುಚ್ಚಿದ ಪುಟ್ಟ ಪೆಟ್ಟಿಗೆ, ಒಳಗೆ ಮಂತ್ರ ಬರೆದ ಚರ್ಮದ ಹಾಳೆಯ ಪಟ್ಟಿಗಳು. ನಮ್ಮ ಆಟದ ಕೊನೆಯ ಖಳನೂ ಒಬ್ಬ ಲಿಚ್. ಕನ್ನಡದಲ್ಲಿ ಹೇಳುವಾಗ ಆ ಡಬ್ಬಿಗೆ ಒಂದು ಹೆಸರು ಬೇಕಾಗಿತ್ತು. ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ಇರುವುದು ಒಂದೇ ಪದ, 'ಕರಡಿಗೆ'. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ 'ಮಾಂತ್ರಿಕನ ಕರಡಿಗೆ, ಹಿಟ್ ಪಾಯಿಂಟ್ 40' ಎಂದು ಬರೆದಿದ್ದೆ. ಬರೆಯುವಾಗ ಏನೂ ಅನಿಸಿರಲಿಲ್ಲ.

ಫಿಲ್ಯಾಕ್ಟರಿ ಎಂದರೆ ಗ್ರೀಕಿನಲ್ಲಿ ಕಾವಲಿನ ತಾಯಿತ. ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಈ ಪದವನ್ನು ಯಹೂದಿಗಳ 'ತೆಫಿಲಿನ್' ಎಂಬ ವಸ್ತುವಿಗೆ ಬಳಸಿದ್ದಾರೆ, ಇಂಗ್ಲಿಷಿನವರಿಗೂ ಅದೇ ಅರ್ಥ ಉಳಿದುಕೊಂಡಿದೆ. ತೆಫಿಲಿನ್ ಹೇಗಿರುತ್ತದೆ ಎಂದು ಫೋಟೊ ತೆಗೆದು ನೋಡಿದೆ. ಕಪ್ಪು ಚರ್ಮದ ಎರಡು ಪುಟ್ಟ ಪೆಟ್ಟಿಗೆಗಳು, ಒಳಗೆ ತೋರಾದ ವಾಕ್ಯಗಳನ್ನು ಕೈಯಲ್ಲಿ ಬರೆದ ಚರ್ಮದ ಹಾಳೆ. ಒಂದನ್ನು ಹಣೆಯ ಮೇಲೆ, ಇನ್ನೊಂದನ್ನು ಎಡತೋಳಿಗೆ ಎದೆಯ ಕಡೆ ಮುಖ ಮಾಡಿ ಪಟ್ಟಿಯಿಂದ ಸುತ್ತಿಕೊಳ್ಳುತ್ತಾರೆ. ಸಬ್ಬತ್ತಿನ ದಿನ ಬಿಟ್ಟು ವಾರದ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಅದು ಬೇಕು. ಫೋಟೊದಲ್ಲಿದ್ದದ್ದು ಒಬ್ಬ ಮುದುಕ. ಕಣ್ಣು ಮುಚ್ಚಿಕೊಂಡಿದ್ದರು. ಎಡಗೈ ಸ್ವಲ್ಪ ಮೇಲೆತ್ತಿದ್ದರು.

ನನ್ನ ಅಜ್ಜ ದಿನಾ ಬೆಳಗ್ಗೆ ಐದೂವರೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ಹೀಗೇ ಕೂರುತ್ತಾರೆ. ಚಿಕ್ಕವನಿದ್ದಾಗ ಅವರ ಬೆನ್ನ ಹಿಂದೆ ಗೋಡೆಗೊರಗಿ ನಿದ್ದೆಗಣ್ಣಿನಲ್ಲಿ ನಾನೂ ಕೂತಿರುತ್ತಿದ್ದೆ. ಆಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಕುಕ್ಕರ್ ಕೂಡ ಆ ಹೊತ್ತಿಗೆ ಇಡುವುದಿಲ್ಲ, ಸೀಟಿ ಹೊಡೆಯುತ್ತದೆಂದು.

ಆ ಕರಡಿಗೆಗೆ ನಾನು ಹಿಟ್ ಪಾಯಿಂಟ್ 40 ಕೊಟ್ಟಿದ್ದೆ. ಸುತ್ತಿಗೆಯಿಂದ ಎಷ್ಟು ಸಲ ಹೊಡೆದರೆ ಒಡೆಯುತ್ತದೆ ಎಂಬ ಲೆಕ್ಕ ಅದು.

ವಾಟ್ಸ್ಆ್ಯಪ್ ಪಟ್ಟಿಯನ್ನು ಅಳಿಸಿದೆ. ಅರಿವು ಗಿರಿವು ಎಂದು ದೊಡ್ಡ ಮಾತಾಡುವುದಿಲ್ಲ, ನಿಜವಾಗಿ ಆದದ್ದು ಇಷ್ಟೇ: ಬೇರೆಯವರ ಮನೆ ಹಿಂದಿನ ಕಲ್ಲು ನನಗೆ ಕಲ್ಲಾಗಿಯೇ ಇತ್ತು, ನನ್ನ ಮನೆಯ ಡಬ್ಬಿ ಬಂದಾಗ ಕೈ ತಡೆಯಿತು. ಒಂದು ಪದ ನಮಗೆ ಬರೀ ಪದವಾಗಿ ಕಾಣಬೇಕಾದರೆ ಅದನ್ನು ಬಳಸುವ ಮನೆಯಿಂದ ಸಾಕಷ್ಟು ದೂರ ಇರಬೇಕು. ಗೈಗ್ಯಾಕ್ಸ್ ಯಹೂದಿಗಳಿಗೆ ಅವಮಾನ ಮಾಡಲು ಕೂತು ಆ ಪದ ಆರಿಸಿದರು ಎಂದು ನಾನು ನಂಬುವುದಿಲ್ಲ. ತಾಯಿತ ಎಂಬ ಅರ್ಥ ನೋಡಿರಬಹುದು. ನಾನೂ ನಿಘಂಟಿನ ಅರ್ಥ ನೋಡಿಯೇ ಕರಡಿಗೆ ಎಂದದ್ದು.

ಈಗ ಎದುರು ಪಕ್ಷದ ಮಾತಿಗೂ ಬರಬೇಕು, ಏಕೆಂದರೆ ಇಷ್ಟು ಓದಿದ ಕೆಲವರು 'ಸರಿ ಹಾಗಾದರೆ, ಇಂಥ ಆಟಗಳನ್ನೇ ನಿಲ್ಲಿಸಿ' ಎನ್ನಲು ಬಾಯಿ ತೆರೆದಿರುತ್ತಾರೆ. ಅದನ್ನು ಒಂದು ಸಲ ಮಾಡಿ ನೋಡಿಯಾಗಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂಬ ಗುಲ್ಲೆದ್ದಿತು. 1983ರಲ್ಲಿ ಇದರ ವಿರುದ್ಧ ಒಂದು ಸಂಘಟನೆಯೇ ಹುಟ್ಟಿತು, ಮರುವರ್ಷ ಜ್ಯಾಕ್ ಚಿಕ್ ಎಂಬ ಪ್ರಚಾರಕ ಈ ಆಟದ ವಿರುದ್ಧ ಕಾಮಿಕ್ ಅಚ್ಚು ಹಾಕಿ ಹಂಚಿದರು. ಕಂಪನಿ ಹೆದರಿತು. 1989ರ ಎರಡನೇ ಆವೃತ್ತಿಯಲ್ಲಿ ಡೆಮನ್, ಡೆವಿಲ್ ಎಂಬ ಪದಗಳನ್ನು ಬಿಟ್ಟು, ಆಮೇಲೆ 'ಟನಾರಿ', 'ಬಾಟೆಜು' ಎಂದು ಅರ್ಥವಿಲ್ಲದ ಹೆಸರು ಕಟ್ಟಿ ಅದೇ ದೆವ್ವಗಳನ್ನು ವಾಪಸು ತಂದರು. 2000ದ ಮೂರನೇ ಆವೃತ್ತಿಯಲ್ಲಿ ಹಳೆಯ ಹೆಸರುಗಳೂ ಬಂದವು. ಇದರಿಂದ ಯಾರ ಭಕ್ತಿ ಉಳಿಯಿತು? ಅಷ್ಟು ಕೂಗಾಡಿದವರಲ್ಲಿ ಎಷ್ಟು ಜನ ಒಮ್ಮೆಯಾದರೂ ದಾಳ ಹಾಕಿ ನೋಡಿದ್ದರು?

ನಮ್ಮ ದೇಶದ್ದೂ ಒಂದಿದೆ. 2008ರಲ್ಲಿ 'ಫಾಲ್‌ಔಟ್ 3' ಎಂಬ ಆಟವನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಕಾರಣ, ಸಾಂಸ್ಕೃತಿಕ ಸೂಕ್ಷ್ಮ. ಯಾವ ಸೂಕ್ಷ್ಮ ಎಂದು ಬಿಡಿಸಿ ಹೇಳಲಿಲ್ಲ. ಎಲ್ಲರೂ ಊಹಿಸಿದ್ದು, ಅಣುಯುದ್ಧದ ನಂತರದ ಆ ಲೋಕದಲ್ಲಿ ಎರಡು ತಲೆಯ ಹಸುಗಳಿಗೆ 'ಬ್ರಾಹ್ಮಿನ್' ಎಂದು ಹೆಸರಿರುವುದೇ ಕಾರಣ ಎಂದು. ನಾನಾಗ ಅಂಗನವಾಡಿಗೂ ಹೋಗುತ್ತಿರಲಿಲ್ಲ, ಹಾಗಾಗಿ ನನಗೆ ನಷ್ಟವಾಗಲಿಲ್ಲ. ಆದರೆ ಅಮೆರಿಕದಲ್ಲಿ 'ಬ್ರಾಹ್ಮನ್' ಎಂಬ ದನದ ತಳಿ ನಿಜವಾಗಿಯೂ ಇದೆ. ನಮ್ಮ ಗೀರ್, ಗುಜರಾತ್, ಒಂಗೋಲ್ ದನಗಳ ಜೊತೆಗೆ ಬಿಜಾಪುರ, ಬೆಳಗಾವಿ ಸೀಮೆಯ ಕೃಷ್ಣಾ ಕಣಿವೆ ತಳಿಯೂ ಸೇರಿ ಆದದ್ದು ಅದು. ಅಂದರೆ ಯಾರಿಗೂ ಕೇಳದೆ ನಾವೇ ಕಳಿಸಿದ ದನಕ್ಕೆ ಅವರು ಯಾರಿಗೂ ಕೇಳದೆ ಹೆಸರಿಟ್ಟರು, ಆಟದವರು ಅದಕ್ಕೆ ಇನ್ನೊಂದು ತಲೆ ಸೇರಿಸಿದರು, ಕಂಪನಿಯವರು ಯಾರಿಗೂ ಕೇಳದೆ ನಮ್ಮ ಪರವಾಗಿ ನೊಂದುಕೊಂಡರು. ಈ ಇಡೀ ಸಾಲಿನಲ್ಲಿ ಯಾರೊಬ್ಬರೂ ಇನ್ನೊಬ್ಬರ ಜೊತೆ ಮಾತಾಡಿಲ್ಲ.

ನನಗೆ ಕಾಣುವ ವ್ಯತ್ಯಾಸ ಇಲ್ಲಿದೆ. ನನ್ನ ಗೆಳೆಯ ಆಟ ನಿಲ್ಲಿಸು ಎನ್ನಲಿಲ್ಲ. ದೂರು ಕೊಡಲಿಲ್ಲ, ರೀಲ್ಸ್ ಮಾಡಲಿಲ್ಲ, 'ಧಾರ್ಮಿಕ ಭಾವನೆಗೆ ಧಕ್ಕೆ' ಎಂಬ ಪದವನ್ನೇ ಬಳಸಲಿಲ್ಲ. ಒಂದು ಹೆಸರು ಬದಲಿಸು ಎಂದ, ಕಾರಣವನ್ನೂ ಹೇಳಿದ. ನಾನು ಅದನ್ನು ಬ್ಯಾನ್ ಮಾಡುವವರ ಕೂಗಿನ ಜೊತೆ ಸೇರಿಸಿಬಿಟ್ಟೆ. ಬೀದಿಯ ಕೂಗು ಕೇಳಿ ಕೇಳಿ ನಮಗೆ ಮೆಲುದನಿಯೂ ಬೆದರಿಕೆಯಾಗಿ ಕೇಳುತ್ತದೆ. ಬೆದರಿಕೆ ಹಾಕುವವರಿಗೆ ಬಗ್ಗಬಾರದು ಎಂಬುದು ನನ್ನ ಅಭಿಪ್ರಾಯ, ಈಗಲೂ. ಆದರೆ ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿರುವವನು ಬೆದರಿಕೆಯಲ್ಲ.

ಆಟದ ಕಂಪನಿಗಳೂ ಕೊನೆಗೆ ಇದೇ ದಾರಿಗೆ ಬಂದವು. ಇದೇ ಕುಟುಂಬದ ಇನ್ನೊಂದು ಆಟ 'ಪಾತ್‌ಫೈಂಡರ್' ಫಿಲ್ಯಾಕ್ಟರಿ ಬಿಟ್ಟು 'ಆತ್ಮದ ಪಂಜರ' ಎಂಬರ್ಥದ ಹೆಸರು ತಂದಿತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 2025ರ ಪುಸ್ತಕದಲ್ಲಿ ಅದು 'ಪ್ರಾಣದ ಜಾಡಿ' ಎಂಬಂಥ ಹೆಸರಾಗಿದೆ. ಹಳೆಯ ಆಟಗಾರರು ಕೆಲವರು ಗೊಣಗಿದರು. ನನಗೆ ಆತ್ಮದ ಪಂಜರ ಎಂಬ ಹೆಸರೇ ಹೆಚ್ಚು ಭಯಾನಕ ಎನಿಸುತ್ತದೆ. ಎರವಲು ಪದ ಬಿಟ್ಟಾಗ ತಲೆ ಓಡಿಸಬೇಕಾಗುತ್ತದೆ, ಅದು ಆಟಕ್ಕೆ ಒಳ್ಳೆಯದೇ.

ಹಾಗಾದರೆ ಯಾವುದನ್ನು ಎರವಲು ಪಡೆಯಬಹುದು, ಯಾವುದನ್ನು ಬಾರದು? ಇಂಜಿನಿಯರಿಂಗ್ ಬುದ್ಧಿ, ಒಂದು ಸೂತ್ರ ಕಟ್ಟಲು ಹೊರಟೆ. ಕಥೆಯಲ್ಲಿ ಬದುಕುವುದನ್ನು ತೆಗೆದುಕೊಳ್ಳಬಹುದು, ಪೂಜೆಯಲ್ಲಿ ಬದುಕುವುದನ್ನು ಬಾರದು. ರಾಕ್ಷಸ ಸರಿ. ಪ್ರಾಗ್ ನಗರದ ರಬ್ಬಿ ಮಣ್ಣಿನಿಂದ ಮಾಡಿದ ಗೋಲೆಮ್ ಕೂಡ ಸರಿ, ಅದು ಯಹೂದಿಗಳೇ ಹೇಳಿಕೊಂಡು ಬಂದ ಕಥೆ. ತೆಫಿಲಿನ್ ಬೇಡ. 1980ರಲ್ಲಿ ಬಂದ 'ಡೀಟೀಸ್ ಆ್ಯಂಡ್ ಡೆಮಿಗಾಡ್ಸ್' ಪುಸ್ತಕದಲ್ಲಿ ಇಂದ್ರ, ಅಗ್ನಿ, ವಿಷ್ಣು, ಕಾಳಿ ಎಲ್ಲರಿಗೂ ಹಿಟ್ ಪಾಯಿಂಟ್ ಕೊಟ್ಟಿದ್ದಾರೆ, ಹಿಟ್ ಪಾಯಿಂಟ್ ಇದ್ದ ಮೇಲೆ ಸೊನ್ನೆ ಮಾಡಲೂಬಹುದು ತಾನೆ? ಅದೂ ಬೇಡ. ಸೂತ್ರ ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ನೋಡಿದರೆ ಗುಳಿಗನಿಗೂ ಕಥೆ ಇದೆ, ಪಾಡ್ದನಗಳಲ್ಲಿ ಹಾಡುತ್ತಾರೆ. ಶಿವನ ಕಥೆಗಳಿಗಂತೂ ಲೆಕ್ಕವಿಲ್ಲ, ನಾಟಕ ಸಿನಿಮಾಗಳಲ್ಲಿ ಅವನು ಕುಣಿದಿದ್ದಾನೆ, ಸೋತಿದ್ದಾನೆ, ಹೆಂಡತಿಯಿಂದ ಬೈಸಿಕೊಂಡಿದ್ದಾನೆ. ಜಪಾನಿನ 'ಫೈನಲ್ ಫ್ಯಾಂಟಸಿ' ಆಟಗಳಲ್ಲಿ 1990ರಿಂದ ಶಿವ ಎಂದರೆ ಹಿಮದ ಹೆಣ್ಣು. ಅರ್ಧನಾರೀಶ್ವರನ ನಾಡಿನವರು ಅದಕ್ಕೆ ಏನೆನ್ನಬೇಕು, ನನಗಂತೂ ನಗುವೇ ಬಂತು. ಸೂತ್ರ ಸೋರತೊಡಗಿತು.

ನಮ್ಮ ಗುಂಪಿನ ಶಿವಮೊಗ್ಗದ ಹುಡುಗನನ್ನು ಕೇಳಿದೆ, ಆಟದಲ್ಲಿ ಜಿನ್, ಇಫ್ರೀತ್ ಬಂದರೆ ನಿನಗೆ ಏನನಿಸುತ್ತದೆ ಎಂದು. 'ಜಿನ್ ಇಟ್ಕೊಳೋ, ನಮ್ಮಜ್ಜಿನೇ ಹುಣಸೆಮರದ ಜಿನ್ ಕಥೆ ಹೇಳ್ತಿದ್ರು. ಆದ್ರೆ ಮಲಕ್‌ಗಳ ಹೆಸರು ಹಾಕ್ಬೇಡ' ಎಂದ. ಎರಡು ಸೆಕೆಂಡಿನಲ್ಲಿ ಗೆರೆ ಎಳೆದುಬಿಟ್ಟ. ನಾನು ಎರಡು ವಾರ ಸೂತ್ರ ಕಟ್ಟುತ್ತಾ ಕೂತಿದ್ದೆ. ಕೇಳಿದ್ದರೆ ಆಗಿತ್ತು. ದೊಡ್ಡ ಕಂಪನಿಗೆ ಎಲ್ಲರನ್ನೂ ಕೇಳುವುದು ಕಷ್ಟ, ಒಪ್ಪುತ್ತೇನೆ. ಒಂದೇ ಧರ್ಮದ ಇಬ್ಬರು ಎರಡು ಉತ್ತರ ಕೊಡಬಹುದು, ಅದೂ ನಿಜ. ಐದು ಜನರ ರೂಮಿಗೆ ಆ ಕಷ್ಟವಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೆದರಿಕೊಂಡೇ ಹೇಳಿದ್ದು. ಯಹೂದಿಗಳು, ಅವರ ತೋಳಿನ ಪೆಟ್ಟಿಗೆ, ಆಟದ ಮಾಂತ್ರಿಕ, ನನ್ನ ಹಿಟ್ ಪಾಯಿಂಟ್ 40. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಕೊರಳಿನ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡು, 'ಅಲ್ಲಪ್ಪಾ, ಲೋಕದಾಗೆ ಅವ್ರಿಗೆ ಬೇರೆ ಡಬ್ಬಿನೇ ಸಿಗ್ಲಿಲ್ವಾ?' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಏಳು ಸಮುದ್ರದಾಚೆ ಗಿಣಿ ಹೊಟ್ಟೇಲಿ ಪ್ರಾಣ ಇಟ್ಟಿದ್ದ ರಾಕ್ಷಸನ ಕಥಿ ನಿಂಗೆ ಎಷ್ಟು ಸಲ ಹೇಳಿದ್ನೋ, ಮರ್ತೇಬಿಟ್ಯಾ' ಎಂದು ಎದ್ದು ಹಿತ್ತಲಿಗೆ ಹೋದರು.

ಹೌದಲ್ಲ! ರಷ್ಯಾದವರ ಕೊಶ್ಚೆಯ್ ಎಂಬ ಮುದುಕ ತನ್ನ ಸಾವನ್ನು ಸೂಜಿಯಲ್ಲಿ, ಸೂಜಿಯನ್ನು ಮೊಟ್ಟೆಯಲ್ಲಿ ಬಚ್ಚಿಟ್ಟ ಕಥೆಯನ್ನು ನಾನು ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ಅಜ್ಜನ ಗಿಣಿ ನೆನಪಾಗಿರಲೇ ಇಲ್ಲ. ನಮ್ಮ ನೆಲದ ಕಥೆ ಮಾಡುತ್ತೇನೆಂದು ಹೊರಟವನು ಗುಳಿಗನನ್ನು ಸಿನಿಮಾದಿಂದ ತಂದೆ, ಕರಡಿಗೆಯನ್ನು ಪೂಜೆಯಿಂದ ತಂದೆ, ಯಾರು ಬೇಕಾದರೂ ಎತ್ತಿಕೊಳ್ಳಲಿ ಎಂದೇ ಹೇಳುತ್ತಾ ಬಂದ ಕಥೆಯನ್ನು ಅಲ್ಲೇ ಬಿಟ್ಟಿದ್ದೆ.

ಹಾಸ್ಟೆಲಿಗೆ ಬಂದ ದಿನವೇ ಪುತ್ತೂರಿನವನ ರೂಮಿಗೆ ಹೋದೆ. ಸಾರಿ ಕೇಳುವುದು ನಮ್ಮ ಹಾಸ್ಟೆಲಿನಲ್ಲಿ ಅಷ್ಟು ರೂಢಿಯಿಲ್ಲ, ಒಂದು ಪ್ಯಾಕೆಟ್ ಚಕ್ಕುಲಿ ಕೊಟ್ಟು 'ಹೆಸರು ತೆಗೆದಿದ್ದೀನಿ, ದಾರಿ ಕಾಯೋದಕ್ಕೆ ನೀನೇ ಏನಾದ್ರೂ ಹುಟ್ಟಿಸಿ ಕೊಡು' ಎಂದೆ. ಅವನು ಚಕ್ಕುಲಿ ತಿನ್ನುತ್ತಾ ಯೋಚಿಸಿ ಒಂದು ಕಂಬಳದ ಕೋಣವನ್ನು ಕೊಟ್ಟ. ಸತ್ತ ಮೇಲೂ ಓಟ ನಿಲ್ಲಿಸದ ಕೋಣ, ಮುಂದೆ ನಿಂತವರನ್ನೆಲ್ಲ ಕೆಸರಿಗೆ ಕೆಡವುತ್ತದೆ. ನಾನು ಬರೆದಿದ್ದ ಯಾವುದಕ್ಕಿಂತಲೂ ಅಪಾಯಕಾರಿ. ಅದಕ್ಕೆ ಬಾಣ ಬಿಡಲು ಅವನಿಗೇನೂ ತೊಂದರೆಯಿರಲಿಲ್ಲ, ಗುರಿ ಮಾತ್ರ ತಪ್ಪಿತು.

ಲಿಚ್‌ನ ಪ್ರಾಣವನ್ನು ಗಿಣಿಯಲ್ಲಿಟ್ಟೆ. ಹೋದ ಶನಿವಾರ ಕೋಟೆಯ ಮಾಡಿನಲ್ಲಿ ಗಿಣಿ ಕಾಣಿಸಿಕೊಂಡಿತು. ನಾಲ್ಕು ಜನ ವೀರರು ನಲವತ್ತು ನಿಮಿಷ ಅದರ ಹಿಂದೆ ಬಿದ್ದರು. ಪ್ಯಾಲಡಿನ್ ಕಬ್ಬಿಣದ ಕವಚ ತೊಟ್ಟು ಹಂಚಿನ ಮೇಲೆ ಹತ್ತಿ ದಾಳ ಹಾಕಿದ, ಒಂದು ಬಿತ್ತು, ಮಾಡು ಸಮೇತ ಕೆಳಗೆ ಬಂದ. ಗಿಣಿ ಕಿಟಕಿಯಿಂದ ಹಾರಿಹೋಯಿತು. ಬರುವ ವಾರ ಇಂಟರ್ನಲ್ಸ್, ಅದು ಮುಗಿದ ಮೇಲೆ ಮತ್ತೆ ಹುಡುಕಬೇಕು.